ಒಳಗೆ ಹಿಡಿಕೆ ಇಲ್ಲದ ಬಾಗಿಲು

ಗುರುವಾರ, ೧೬ ಅಕ್ಟೋಬರ್
ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯೆ, ಬೈದುಕೋ. ಏಳು ತಿಂಗಳ ಮಗಳು ಕಂಕುಳಲ್ಲಿರುವಾಗ ಪೆನ್ನು ಹಿಡಿಯಲು ಮೂರನೇ ಕೈ ಬೇಕು. ನಿದ್ದೆಯ ಮಾತು ಎತ್ತಲೇಬೇಡ. ಎಂ.ಎ. ಮಾಡಿದ ನಿನ್ನ ತಂಗಿ ಮೊನ್ನೆ ಮಡಿಸಿದ ಬಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು, ಹಾಲಿನ ಪಾತ್ರೆಯನ್ನು ಬೀರುವಿಗೆ ಸೇರಿಸಿದ್ದಳು. ಇವರು ತಣ್ಣನೆಯ ಬನಿಯನ್ ಹಾಕಿಕೊಂಡು, "ಸೆಕೆಗೆ ಒಳ್ಳೇದೇ ಆಯ್ತು ಬಿಡು" ಎಂದರು. ನಗಬೇಕಿತ್ತು. ನನಗೆ ನಗು ಬರಲಿಲ್ಲ.

ಭಾವನನ್ನು ಇವರ ಬೀಗದ ಕಂಪನಿಯವರು ಮತ್ತೆ ಕರೆಸಿಕೊಂಡದ್ದು ಓದಿ ಕಣ್ಣು ತುಂಬಿತು. ಎರಡು ವರ್ಷ ಮನೆಯಲ್ಲಿ ಕೂತಿದ್ದ ಮನುಷ್ಯ ಈಗ ನಿಮ್ಮೂರಿನ ಶಾಖೆಯಲ್ಲಿ ಬೀಗದ ಅಚ್ಚು ಎರೆಯುತ್ತಿದ್ದಾರೆ. "ಬೆಳಗ್ಗೆ ಬೂಟಿಗೆ ಪಾಲಿಶ್ ಹಾಕ್ಕೊಳ್ತಾ ಒಬ್ಬರೇ ನಗ್ತಾರೆ ಕಣೇ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ಅದಕ್ಕೇ ಈ ಕಾಗದ ಇಷ್ಟು ತಡವಾದದ್ದು.

ಕಂಪನಿಯ ಪದ್ಧತಿ ನಿನಗೆ ಗೊತ್ತೇ ಇದೆ. ಹೊಸ ಮಾದರಿಯ ಬೀಗ ಯಾವುದೇ ಇರಲಿ, ನಲವತ್ತು ದಿನ ನೌಕರನೊಬ್ಬನ ಮನೆಯ ಬಾಗಿಲಲ್ಲಿ ಇರಬೇಕು. ಆಮೇಲೆ ಆ ಮನೆಯ ಹೆಂಗಸು ಫಾರಂ ತುಂಬಿ ರುಜು ಹಾಕಬೇಕು. ದಿನಕ್ಕೆ ಹೆಚ್ಚು ಸಲ ಬಾಗಿಲು ತೆಗೆದು ಹಾಕುವವಳು ಅವಳೇ ಎಂದು ಹಿರಿಯ ಯಜಮಾನರು ಮಾಡಿಟ್ಟ ನಿಯಮ. ಅವಳು ಸರಿಯಿಲ್ಲ ಎಂದರೆ ಮಾಲು ಹೊರಡುವುದಿಲ್ಲ. ಈ ಸಲ ಮಾದರಿ ರಚಿಸಿದವರು ಇವರೇ, ಹಾಗಾಗಿ ಬಾಗಿಲು ಬಂದದ್ದು ನಮ್ಮ ಮನೆಗೆ. ಮಗುವಿನ ಕೋಣೆಗೆ ಕೂರಿಸಿದರು. ಬೀಗದ ಜೊತೆ ಕಬ್ಬಿಣದ ಬಾಗಿಲೂ ಇದೆ, ಸುತ್ತ ದಪ್ಪ ರಬ್ಬರ್ ಪಟ್ಟಿ. ಒಳಗಡೆ ಹಿಡಿಕೆ ಇಲ್ಲ. ಕೀಲಿಯ ತೂತೂ ಇಲ್ಲ. ನುಣ್ಣಗೆ, ತಟ್ಟೆಯ ಹಾಗೆ.

"ಇದೇನ್ರೀ, ಹಿಡಿಕೆ ಮರೆತಿದ್ದೀರಾ?" ಎಂದೆ.

"ಹಾಸ್ಟೆಲ್‌ಗಳಿಗೆ ಕಣೇ. ಮಕ್ಕಳು ಸುಮ್ಮಸುಮ್ಮನೆ ತೆಗೆದುಕೊಂಡು ಹೋಗಬಾರದಲ್ಲ."

ಎಂಟು ಸಾವಿರ ಬಾಗಿಲು ಬೇಕಾಗುವ ಹಾಸ್ಟೆಲ್ ಯಾವುದಕ್ಕ? ಆರ್ಡರ್ ಕೊಟ್ಟದ್ದು ಒಂದು ಹೊರದೇಶದ ಸರ್ಕಾರ. ಇಪ್ಪತ್ತು ವರ್ಷದಿಂದ ಒಬ್ಬನೇ ಮನುಷ್ಯ ಆಳುತ್ತಿರುವ ದೇಶ. ಅವನ ವಿರುದ್ಧ ಕರಪತ್ರ ಹಂಚಿದ ಕಾಲೇಜು ಹುಡುಗಿಯರು ಎಲ್ಲಿದ್ದಾರೆಂದು ಅವರ ಹೆತ್ತವರಿಗೂ ತಿಳಿದಿಲ್ಲವೆಂದು ಪತ್ರಿಕೆಯಲ್ಲಿ ಓದಿದ್ದೆ. ಆ ಹಾಳೆಯನ್ನು ಎತ್ತಿಟ್ಟಿದ್ದೆ. ಮಾರನೆಯ ದಿನ ಅದು ಕಾಣಲಿಲ್ಲ. "ಶೂ ಒರೆಸೋಕೆ ತಗೊಂಡೆ" ಎಂದರು ಇವರು. ಅವರ ಶೂ ಧೂಳು ಹಿಡಿದು ಮೂಲೆಯಲ್ಲೇ ಬಿದ್ದಿತ್ತು.

ಅಂದಿನಿಂದ ನನಗೆ ಎಲ್ಲದರ ಮೇಲೂ ಅನುಮಾನ. ಇವರು ಬಾಗಿಲಿಗೆ ಕಿವಿಯಿಟ್ಟು ನಿಂತಿರುತ್ತಾರೆ, ನಾನು ಬಂದರೆ ರಬ್ಬರ್ ಪಟ್ಟಿ ನೋಡುತ್ತಿದ್ದೆ ಎನ್ನುತ್ತಾರೆ. ನಾವೆಲ್ಲ 'ಬೆಣ್ಣೆ' ಎಂದು ಕರೆಯುವ ಮ್ಯಾನೇಜರ್, ನನ್ನ ಮಗಳಿಗೆಂದು ತೊಟ್ಟಿಲು ತಂದುಕೊಟ್ಟರು. ಬಾಣಂತನಕ್ಕೆ ಒಂದು ಜೊತೆ ಕಾಲುಚೀಲವನ್ನೂ ಕಳಿಸದವರು! ಜೊತೆಗೆ ಆ ದೇಶದ ಅಧಿಕಾರಿಯೂ ಬಂದಿದ್ದ. ಮೃದುವಾದ ಕೈ, ಮೃದುವಾದ ಮಾತು. ದುಭಾಷಿಯ ಮೂಲಕ ಕೇಳಿದ್ದು ಒಂದೇ ಪ್ರಶ್ನೆ: ಮಗು ದಿನಕ್ಕೆ ಎಷ್ಟು ಸಲ ಅಳುತ್ತದೆ?

ನಾನು ಲೆಕ್ಕ ಇಟ್ಟಿಲ್ಲ ಎಂದೆ. "ಇಡಬೇಕಿತ್ತಮ್ಮ" ಎಂದು ಬೆಣ್ಣೆ ನಕ್ಕರು.

ಫಾರಂ ಬಂದ ಮೇಲೆ ಆ ಪ್ರಶ್ನೆ ಅರ್ಥವಾಯಿತು. ಮದುವೆಯಾದ ಹೊಸದರಲ್ಲಿ ಎರಡು ಬೀಗಗಳಿಗೆ ನಾನೇ ರುಜು ಹಾಕಿದ್ದೇನೆ, ಪ್ರಶ್ನೆಗಳು ಬಾಯಿಪಾಠ. ಆರನೆಯದು, 'ಒಳಗಿನಿಂದ ಸುಲಭವಾಗಿ ತೆರೆಯಬಹುದೇ?' ಎಂಬುದು. ಈ ಸಲ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಟೈಪ್ ಮಾಡಿದ್ದಾರೆ: 'ಒಳಗಿನವರ ಕೂಗು ಹೊರಗೆ ಕೇಳಿಸುತ್ತದೆಯೇ?' ಕೇಳಿಸದಿದ್ದರೆ ಮಾಲು ಪಾಸು.

ಇವರ ಮುಂದೆ ಹಿಡಿದೆ. ಓದಿ ಮಡಿಸಿಟ್ಟರು. ಆಮೇಲೆ ಎಂದರು, "ನಾವು ಕೊಡದಿದ್ರೆ ಇನ್ನೊಬ್ಬ ಕೊಡ್ತಾನೆ. ನಾನು ಬಾಗಿಲು ಮಾಡೋನು, ಅದರ ಹಿಂದೆ ಯಾರನ್ನ ಕೂರಿಸ್ತಾರೆ ಅಂತ ನಾನ್ಯಾಕೆ ಕೇಳಲಿ?"

"ನಿಮ್ಮ ಮಗಳನ್ನ ಕೂರಿಸಿದ್ದೀರಲ್ಲ, ಅದಕ್ಕೆ."

"ನಿದ್ದೆಗೆಟ್ಟು ನಿನಗೆ ತಲೆ ಕೆಟ್ಟಿದೆ" ಎಂದು ಎದ್ದುಹೋದರು. ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ, "ನಿನ್ನ ಭಾವನ್ನ ಒಂದ್ಸಲ ನೆನೆಸ್ಕೋ" ಎಂದರು.

ನೆನೆಸಿಕೊಂಡೆ ಅಕ್ಕ. ನಿನ್ನ ಕಾಗದದ ಕೊನೆಯಲ್ಲಿ, "ಸಣ್ಣಪುಟ್ಟದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡ, ಅವರು ಕೇಳಿದ್ದು ಕೊಟ್ಟುಬಿಡು" ಎಂದಿತ್ತು. ಯಾರು ಏನು ಕೇಳಿದ್ದರು? ಫಾರಂ ಇನ್ನೂ ನನ್ನ ಕೈಗೇ ಬಂದಿರಲಿಲ್ಲವಲ್ಲ! ಆ ಸಾಲು ನಿನ್ನದೋ, ಭಾವನದೋ, ಭಾವನ ಭುಜದ ಮೇಲೆ ಕೈಯಿಟ್ಟು ಯಾರಾದರೂ ಬರೆಸಿದ್ದೋ? ನನ್ನ ಒಡಹುಟ್ಟಿದವಳ ಅಕ್ಷರವನ್ನು ಬೆಳಕಿಗೆ ಹಿಡಿದು ನೋಡುವ ಗತಿ ಬಂತಲ್ಲ ನನಗೆ.

ಇವತ್ತು ಬೆಳಗ್ಗೆ ಫಾರಂ ತುಂಬಿ, ಇವರ ಕೈಗೆ ಕೊಡದೆ, ನಾನೇ ಮಗುವನ್ನು ಎತ್ತಿಕೊಂಡು ಹೋಗಿ ಕಚೇರಿಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಂಡೆ. ಆರನೆಯ ಪ್ರಶ್ನೆಗೆ 'ಕೇಳಿಸುತ್ತದೆ, ಸ್ಪಷ್ಟವಾಗಿ' ಎಂದು ಬರೆದಿದ್ದೇನೆ. ಬೆಣ್ಣೆಯ ಮುಖ ಬಾಡಿತು. "ನಿಜವಾಗ್ಲೂ ಕೇಳ್ಸುತ್ತಾಮ್ಮ? ನಿಮ್ಮ ಯಜಮಾನರು ಇಲ್ಲ ಅಂತಾರೆ."

"ಅವರು ಮನೇಲಿರೋದು ಎಷ್ಟೊತ್ತು ಸಾರ್? ರುಜು ನಂದು" ಎಂದೆ.

ಮಾಲು ನಿಂತಿದೆ. ಆರ್ಡರ್ ಕೈಬಿಟ್ಟರೆ ಮೊದಲು ಮುಚ್ಚುವುದು ನಿಮ್ಮೂರಿನ ಶಾಖೆ ಎಂದು ಬೆಣ್ಣೆ ನನಗೆ ಕೇಳುವಂತೆಯೇ ಫೋನಿನಲ್ಲಿ ಹೇಳಿದರು. ಬೇರೆ ಬಾಯಿಂದ ತಿಳಿಯುವ ಮೊದಲು ನನ್ನಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಭಾವನ ಬೂಟು ಮತ್ತೆ ಮೂಲೆ ಸೇರಿದರೆ ಅದು ನನ್ನ ಕೈಯಿಂದ. ಬೈಯಬೇಕೆನಿಸಿದರೆ ಬಂದು ಎದುರಿಗೇ ಬೈ. ಮಾತು ಮಾತ್ರ ಬಿಡಬೇಡ.

ನಿನ್ನ ಮಗಳು ಪುಟ್ಟಿಗೆ ನನ್ನ ಮುತ್ತು. ಅವಳು ಗಟ್ಟಿ ಗಂಟಲಿನವಳಾಗಿ ಬೆಳೆಯಲಿ, ಅವಳು ಕರೆದಾಗ ಯಾರಾದರೂ ಓಡಿ ಬರುವಂತಿರಲಿ. ಭಾವನಿಗೆ ನಮಸ್ಕಾರ, ಅವರು ತೆಗೆದುಕೊಳ್ಳುವುದಾದರೆ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಅಂಜಿದ್ದು. ನಾನು ಬರೆದ ಉತ್ತರ ಸುಳ್ಳು. ಆ ಬಾಗಿಲಿಂದ ಏನೂ ಕೇಳಿಸುವುದಿಲ್ಲ. ಹೋದ ವಾರ ಒಂದು ಮಧ್ಯಾಹ್ನ ಅವಳನ್ನು ಮಲಗಿಸಿ ಬಾಗಿಲೆಳೆದು, ಹೊರಗೆ ಚಾಪೆಯ ಮೇಲೆ ಉರುಳಿದೆ. ಎರಡು ಗಂಟೆ ಸತ್ತ ಹಾಗೆ ನಿದ್ದೆ. ತೆರೆದಾಗ ಅವಳ ಗಂಟಲು ಕಟ್ಟಿಹೋಗಿತ್ತು, ಬಾಯಿ ತೆರೆಯುತ್ತಿತ್ತು, ದನಿಯಿರಲಿಲ್ಲ. ಅಷ್ಟೇ ಆಗಿದ್ದರೆ ನಿನಗೆ ಹೇಳಿ ಅತ್ತು ಹಗುರಾಗುತ್ತಿದ್ದೆ. ಮಾರನೆಯ ದಿನವೂ ಎಳೆದುಕೊಂಡೆ ಅಕ್ಕ. ಅಳುತ್ತಿರುತ್ತಾಳೆಂದು ಗೊತ್ತಿದ್ದೇ ಎಳೆದುಕೊಂಡೆ. ಅದರ ಮಾರನೆಯ ದಿನವೂ. ಕೇಳಿಸದಿದ್ದರೆ ಎಷ್ಟು ಚೆನ್ನಾಗಿ ನಿದ್ದೆ ಬರುತ್ತದೆ ಗೊತ್ತೇ? ಇವರನ್ನು ಯಾವ ಬಾಯಲ್ಲಿ ಅಂದೆನೋ.

ಕಚೇರಿಯಿಂದ ಬಂದವಳೇ ಸ್ಕ್ರೂಡ್ರೈವರ್ ಹಿಡಿದು ಆ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ್ದೇನೆ. ಇಗೋ, ಎದ್ದಳು. ಕೇಳಿಸುತ್ತಿದೆ. ಹೋಗುತ್ತೇನೆ.