ಹಾಳೆಯ ಮಡಿಕೆ

ಅಪ್ಪಾ,

ನೀನೀಗ ಇರುವಲ್ಲಿಗೆ ಅಂಚೆಯವನು ಬರುವುದಿಲ್ಲ. ಬಂದರೂ ಓದಿ ಹೇಳಲು ನಾನು ಪಕ್ಕದಲ್ಲಿಲ್ಲ.

ಹೊಲದಂಚಿನ ನನ್ನ ಡೇರೆ ಶಾಲೆಗೆ ಇವತ್ತು ಒಬ್ಬ ಕೂಲಿಯಾಳು ಮಗಳೊಂದಿಗೆ ಬಂದ. ಕೊಯ್ಲು ಮುಗಿದು ಬೇರೆ ಊರಿಗೆ ಹೊರಟಿದ್ದ. ಶಾಲೆಯಿಂದ ಕೊಟ್ಟಿದ್ದ ಅವಳ ಪುಸ್ತಕವನ್ನು ಅಂಗಿಯಿಂದ ಒರೆಸಿ, "ತಗೊಳ್ಳಿ ಮೇಡಂ, ಒಂದು ಹಾಳೆನೂ ಹರಿದಿಲ್ಲ" ಎಂದ. ಮಗಳು ಮುಖ ಊದಿಸಿಕೊಂಡು ನಿಂತಿದ್ದಳು.

ನೀನೂ ಹೀಗೇ ಊರು ಬಿಡುವಾಗಲೆಲ್ಲ ನನ್ನ ಪುಸ್ತಕ ಹಿಂದಿರುಗಿಸುತ್ತಿದ್ದೆ. ನಾಲ್ಕು ಶಾಲೆಗಳಲ್ಲಿ ಮೊದಲ ಪಾಠವನ್ನೇ ಓದಿದ ಮಹಾಪಂಡಿತೆ ನಾನು! "ಓದೋಕೆ ಬರದವನಿಗೆ ಪುಸ್ತಕದ ಬೆಲೆ ಏನು ಗೊತ್ತು?" ಎಂದು ಒಮ್ಮೆ ಚುಚ್ಚಿದ್ದೆ. ನೀನು ನಕ್ಕು, ಹಾಳೆಯ ಮಡಿಕೆ ತೀಡುತ್ತಲೇ ಇದ್ದೆ.

"ಇದು ಅವಳದ್ದೇ, ತಗೊಂಡೋಗಿ" ಎಂದು ನಾನು ಇವತ್ತು ಅವನಿಗೆ ಹೇಳಿದೆ. ಅವನು ಮಗಳ ಕೈಗೆ ಕೊಡುವ ಮುಂಚೆ ಒಂದು ಹಾಳೆಯ ಮಡಿಕೆ ತೀಡಿದ.

ನಾನು ಕರಿಹಲಗೆ ಒರೆಸಲು ತಿರುಗಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ, ಅಪ್ಪಾ.