ಕೆಂಪಕ್ಷರದ ಒಂದು ಸಾಲು

ಮಾರ್ಚ್ ೧೨, ಗುರುವಾರ.

ಮೈಯೆಲ್ಲ ಇನ್ನೂ ಉರಿಯುತ್ತಿದೆ. "ದಿನಾಂಕ ನೋಡ್ಕೊಳ್ಳೋದು ನಿಮ್ಮ ಕೆಲಸ ಅಲ್ವೇನಮ್ಮಾ?" ಎಂದು ಮ್ಯಾನೇಜರ್ ಎಲ್ಲರೆದುರು ಕೇಳಿದರು.

ಸಾಫ್ಟ್‌ವೇರ್ ಲೈಸೆನ್ಸ್ ಮುಗಿಯುವ ದಿನಾಂಕ ಅರವತ್ತು ಕಂಪ್ಯೂಟರುಗಳನ್ನು ಒಟ್ಟಿಗೆ ಜೋಡಿಸಿದ ನಮ್ಮ ಕ್ಲಸ್ಟರಿನ ಲಾಗಿನ್ ಪರದೆಯ ಮೇಲೇ ಹಳದಿ ಅಕ್ಷರದಲ್ಲಿ ಇತ್ತು. ಹೋದ ತಿಂಗಳು ಹೊರಗಿನ ದೊಡ್ಡವರು ನೋಡಲು ಬರುವ ದಿನ, "ಆ ಹಳದಿ ಸಾಲು ಅಸಹ್ಯವಾಗಿ ಕಾಣ್ಸುತ್ತೆ, ತೆಗೀರಿ" ಎಂದವರು ಇವರೇ. ತೆಗೆದೆ. ಮತ್ತೆ ಹಾಕಲೇ ಎಂದು ಮೂರು ಸಲ ಕೇಳಿದೆ. "ನೋಡೋಣ" ಎಂದರು. ನಿನ್ನೆ ಲೈಸೆನ್ಸ್ ಮುಗಿದು ಅರವತ್ತು ಯಂತ್ರಗಳೂ ಕೈಕಟ್ಟಿ ಕುಳಿತವು. ಇವತ್ತು ತಪ್ಪನ್ನು ನನ್ನ ತಲೆಗೆ ಕಟ್ಟಿದರು.

ಕಟ್ಟಲಿ. ಸಂಜೆ ಎಲ್ಲರೂ ಹೋದ ಮೇಲೆ ಕುಳಿತು ಮುಗಿಸಿಯೇ ಎದ್ದೆ. ನಾಳೆಯಿಂದ ಕ್ಲಸ್ಟರ್ ನೋಡಿಕೊಳ್ಳುವ ಯಾವ ಅಡ್ಮಿನ್ ಲಾಗಿನ್ ಆದರೂ ಮೊದಲು ಹೊಸ ಲೈಸೆನ್ಸ್ ಮುಗಿಯುವ ದಿನಾಂಕ ಕೆಂಪಕ್ಷರದಲ್ಲಿ ಕಾಣುತ್ತದೆ. ಕೆಳಗೆ "ನೋಡಿದ್ದೇನೆ" ಎಂದು ಟೈಪ್ ಮಾಡದೆ ಮುಂದೆ ಹೋಗುವಂತಿಲ್ಲ. ಯಾರು, ಎಷ್ಟು ಹೊತ್ತಿಗೆ ನೋಡಿದರು ಎಂಬುದೂ ದಾಖಲಾಗುತ್ತದೆ. ದೊಡ್ಡಸ್ತಿಕೆಗೆಂದು ಹಟ ಹಿಡಿದು ಅಡ್ಮಿನ್ ಹಕ್ಕು ಪಡೆದ ಮ್ಯಾನೇಜರಿಗೂ ಬಿಡುಗಡೆಯಿಲ್ಲ. ತಕರಾರು ಎತ್ತುವಂತೆಯೂ ಇಲ್ಲ. "ಎಲ್ಲ ಅಡ್ಮಿನ್‌ಗಳಿಗೂ ಕಾಣುವಂತೆ ಮಾಡಿ" ಎಂದು ಮಧ್ಯಾಹ್ನ ಮೇಲ್ ಕಳಿಸಿದವರೂ ಅವರೇ.

ಊಟಕ್ಕೆ ಕುಳಿತಾಗ ತಂಗಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ಅಕ್ಕಾ, ನೀನೂ ಅಡ್ಮಿನ್ ಅಲ್ವಾ? ನಿನಗೂ ದಿನಾ ಅದೇ ಕಾಟ!"

ನಿಜ. ಅವರು ಲಾಗಿನ್ ಆಗುವುದು ದಿನಕ್ಕೆ ಒಂದು ಸಲ, ನಾನು ಇಪ್ಪತ್ತು ಸಲ. ಆಗಲಿ. ಇಪ್ಪತ್ತು ಸಲವೂ ಅವರ ಮುಖ ನೆನೆದೇ ಟೈಪ್ ಮಾಡುತ್ತೇನೆ.