ಏಳು ಲೋಟದ ತೂಕ

ಗದಗ, ೨೧೯೧ನೇ ಇಸವಿ, ಫೆಬ್ರವರಿ ಮೂವತ್ತು

ಕ್ಯಾನ್ಸರ್ ಆಪರೇಷನ್ ಆದವರನ್ನು ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡುತ್ತಿರುವ ಹಿರಿಯರಿಗೆ ತೋಟವ್ವನ ಶರಣು.

ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವಂತೆ. ತಾರೀಖು ಸುಳ್ಳೆಂದು ಹರಿದುಹಾಕಬೇಡಿ, ನಮ್ಮಲ್ಲಿ ಇದೆ. ನನ್ನ ಶಾಲೆ ಆರನೆಯ ಇಯತ್ತೆಯಲ್ಲಿ ಎರಡು ಸಲ ನಿಂತು, ಮೂರನೆಯ ಸಲ ಬಿಟ್ಟೇಹೋಯಿತು. ಮಾತು ವಿಚಿತ್ರವೆನಿಸಿದರೆ ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ, ನಮ್ಮ ಟಪಾಲಿನವರು ಒಬ್ಬರಿಗೆ ಜನ್ಮಕ್ಕೊಂದೇ ಕೊಡುತ್ತಾರೆ. ತಲುಪದಿದ್ದರೆ ಹೇಗೆ ಎಂಬುದು ಒಂದು ಚಿಂತೆ, ತಲುಪಿದರೆ ನಗುತ್ತೀರೇನೋ ಎಂಬುದು ಇನ್ನೊಂದು.

ನನ್ನ ಅಕ್ಕ ಫಕೀರವ್ವನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ, ಜಠರದ ಮುಕ್ಕಾಲು ಭಾಗ ತೆಗೆದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ನರದೊಳಗೆ ಔಷಧ ಹಾಕಿಸಬೇಕು, ಅದನ್ನು ತಾಳಲು ಅಕ್ಕನ ತೂಕ ನಲವತ್ತು ಕಿಲೋಗೆ ಕಡಿಮೆಯಾಗಬಾರದು ಎಂದರು. ಮನೆಯಲ್ಲಿ ತೂಗುಚಾಪೆಯಿದೆ, ನಿಂತವರ ತೂಕವನ್ನು ಬಾಯಿಬಿಟ್ಟು ಹೇಳುವ ಚಾಪೆ. ನನಗೆ ಅಷ್ಟು ಸಾಕಾಯಿತು. ಬೆಳಕು ಹರಿಯುವ ಮೊದಲೇ ಅಮೃತಬಳ್ಳಿ ಕಷಾಯ ಕಾಸಿದೆ. ಬೀಗರು ಬೂದಗುಂಬಳದ ರಸ ತಂದರು. ಒಬ್ಬರು ಗೋಧಿ ಹುಲ್ಲಿನದು, ಒಬ್ಬರು ನುಗ್ಗೆಸೊಪ್ಪಿನದು, ಹೀಗೆ ನಮ್ಮದೂ ಸೇರಿ ದಿನಕ್ಕೆ ಏಳು ಮನೆಯ ಏಳು ಲೋಟ. ಕಾಯಿಲೆಯವರಿಗೆ ತಂದ ಲೋಟ ತುಂಬಿದ್ದು ಹಾಗೇ ಹಿಂದೆ ಹೋಗಬಾರದು, ಅಪಶಕುನ. ಪ್ರತಿ ಲೋಟ ಮುಗಿದಾಗಲೂ ಅಕ್ಕನನ್ನು ಚಾಪೆಯ ಮೇಲೆ ನಿಲ್ಲಿಸುತ್ತಿದ್ದೆ. ಚಾಪೆ ಪ್ರತಿ ಸಲವೂ ಹೆಚ್ಚೇ ಹೇಳುತ್ತಿತ್ತು. ಓಣಿಗೆಲ್ಲ ಸಕ್ಕರೆ ಹಂಚಿದೆವು.

ಆಸ್ಪತ್ರೆಯಲ್ಲಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿದರು. ಮೂವತ್ತೆಂಟೂವರೆ. ನಮ್ಮ ಚಾಪೆ ಹೆಚ್ಚು ಹೇಳಿದ್ದು ಅಕ್ಕನ ತೂಕವನ್ನಲ್ಲ, ಆಗತಾನೇ ಕುಡಿದ ಲೋಟದ್ದನ್ನು. ಔಷಧ ಮೂರು ವಾರ ಮುಂದಕ್ಕೆ ಹೋಯಿತು. ಆಗಲೂ ತೂಕ ಬರದಿದ್ದರೆ?

ಮರುದಿನ ಆಸ್ಪತ್ರೆಯಿಂದ ಹಜರೇಸಾಬರು ಬಂದರು. ಅವರು ತುತ್ತಾಳು. ರೋಗಿಯ ಮನೆಗೇ ಬಂದು, ಏನು ತಿಂದರು, ಎಷ್ಟು ತಿಂದರು ಎಂದು ನೋಡಿ ತಿದ್ದುವ ಕೆಲಸ. ನಾನು ಏಳೂ ಲೋಟದ ಹೆಸರು ಹೇಳಿದೆ.

“ಇದು ಆರೈಕಿ ಅಲ್ರೀ ತೋಟವ್ವಾರ, ಕೆರಿ ತುಂಬ್ಸೂ ಯೋಜನಾ!” ಎಂದರು.

ಅಕ್ಕ ಮಲಗಿದಲ್ಲಿಂದಲೇ, “ನಾ ಬ್ಯಾಡಂದ್ರ ಇಕಿ ಅಳತಾಳ್ರೀ ಸಾಹೇಬ್ರ. ಇಕಿ ಅಳೂದು ನೋಡೂಕಿಂತ ಕುಡಿಯೂದು ಹಗುರ,” ಎಂದಳು.

ಉಳಿದಿರುವ ಜಠರ ಮುಷ್ಟಿಯಷ್ಟು, ಅದನ್ನು ನೀರಿನಿಂದ ತುಂಬಿಸಿದರೆ ಅನ್ನಕ್ಕೆ ಜಾಗವೆಲ್ಲಿ ಎಂದು ಸಾಬರು ಕೇಳಿದರು. ಅದೇ ಆಸ್ಪತ್ರೆಯ ಪ್ರಕೃತಿ ಚಿಕಿತ್ಸೆಯ ಡಾಕ್ಟರಮ್ಮನನ್ನು ಕೇಳಿದರೆ ಆಕೆಯೂ ನನ್ನ ಪರ ನಿಲ್ಲಲಿಲ್ಲ. ಬಿಸಿನೀರಲ್ಲಿ ಪಾದ ಇಡುವುದು, ನಿಧಾನ ಉಸಿರಾಟ, ಅಂಗಳದಲ್ಲಿ ನಾಲ್ಕು ಹೆಜ್ಜೆ, ಇವು ಆಕೆಯ ಉಪಚಾರ. ಅದೂ ಔಷಧದ ಜೊತೆಗೆ, ಔಷಧದ ಬದಲಿಗಲ್ಲ. ಬೇರು-ಸೊಪ್ಪಿನ ರಸ ಕೆಲವೊಮ್ಮೆ ಔಷಧದ ಜೊತೆ ಜಗಳವಾಡುತ್ತದಂತೆ, ಕೇಳದೆ ಕುಡಿಸಬಾರದಂತೆ.

ಉಳಿದ ಮನೆಯವರಿಗೆಲ್ಲ ಬರಬೇಡಿ ಎನ್ನಲಾದೀತೇ? ಲೋಟ ಬೇಡ, ಚಿಕ್ಕ ಬಟ್ಟಲು ತನ್ನಿ ಎಂದೆವು. ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ನುಣ್ಣಗೆ ಬೆಂದ ಹೆಸರುಬೇಳೆ, ಗಟ್ಟಿ ಮೊಸರು, ಶೇಂಗಾಪುಡಿ ಕಲಸಿದ ಮೆತ್ತನೆಯ ಅನ್ನ. ನೀರು ಊಟದ ಜೊತೆಯಲ್ಲ, ನಡುವಿನ ಹೊತ್ತಿನಲ್ಲಿ.

“ಇಷ್ಟ ತಂದ್ರ ನನ್ನ ಮರ್ಯಾದಿ ಏನಾದೀತು?” ಎಂದು ಬೀಗತಿ ದ್ಯಾಮವ್ವ ಸಿಡುಕಿದಳು.

“ಮರ್ಯಾದಿ ಮನ್ಯಾಗಿಟ್ಟು ಬಾರವಾ, ಬಟ್ಲದಾಗ ಜಾಗಾ ಇಲ್ಲ,” ಎಂದಳು ಅಕ್ಕ.

ನನ್ನ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ: ಪಕ್ಕದಲ್ಲಿ ಕುಳಿತು, ಇನ್ನೊಂದು ತುತ್ತು ಎನ್ನದೆ ಬಾಯಿಮುಚ್ಚಿಕೊಂಡಿರುವುದು.

ಮೂರು ವಾರ ಕಳೆದು, ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಮತ್ತೆ ಬರಿಹೊಟ್ಟೆಯಲ್ಲಿ ತೂಗಿದರು. ನಾನು ಕಣ್ಣುಮುಚ್ಚಿದ್ದೆ. ನಲವತ್ತರ ಮೇಲೆ ನೂರು ಗ್ರಾಂ! ಅಕ್ಕನನ್ನು ಔಷಧದ ಕೋಣೆಗೆ ಕರೆದೊಯ್ದಿದ್ದಾರೆ, ನಾನು ಹೊರಗಿನ ಬೆಂಚಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮನ್ನು ಬೇಡುವುದಿಷ್ಟೇ. ಕುಡಿಸುವ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಮಲಗಿದವರನ್ನೂ ಕೇಳಿ. ನಿಮ್ಮ ಕಣ್ಣೀರಿಗೆ ಹೆದರಿ ಅವರು ಹೂಂ ಅಂದಾರು, ಅದಕ್ಕೇ, ಮೊದಲು ಕಣ್ಣೊರೆಸಿಕೊಂಡು ಕೇಳಿ.

ಕೋಣೆಯ ಬಾಗಿಲು ತೆರೆಯಿತು. “ತೋಟೀ, ಎಲ್ಲಿ ಹ್ವಾದಿ? ನನಗ ಹಸಿವ್ಯಾಗೇತಿ!” ಎಂದು ಅಕ್ಕ ಕೂಗುತ್ತಿದ್ದಾಳೆ. ಎರಡು ತಿಂಗಳಿಂದ ಈ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಕಾಗದ ಇಲ್ಲಿಗೇ ಬಿಟ್ಟು ಓಡುತ್ತೇನೆ, ತಪ್ಪು ತಿಳಿಯಬೇಡಿ.